ಕೇಳಿ, ಹೇಳ್ತೀವಿ: ಬೇಸಿಗೆ ರಜೆಗೆ ಹಿಮಾಲಯದ ಗಿರಿಧಾಮ

ಪ್ರಶ್ನೆ: ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು, ಮಂಡಿ ನೋವಿರುವ 68ರ ಅತ್ತೆ, ನಾವಿಬ್ಬರು. ಶಿಮ್ಲಾ, ಮನಾಲಿ, ನೈನಿತಾಲ್ ಮೂರನ್ನೂ ಏಳು ದಿನದಲ್ಲಿ ತೋರಿಸುವ ಪ್ಯಾಕೇಜ್ ಸಿಕ್ಕಿದೆ. ಮೇ ಕೊನೆಯ ವಾರ ಹೊರಡಬಹುದೆ?
– ಕುವೆಂಪುನಗರ, ಮೈಸೂರು

ಉತ್ತರ: ಆ ಪ್ಯಾಕೇಜ್ ಕೈಬಿಡಿ. ಶಿಮ್ಲಾದಿಂದ ಮನಾಲಿಗೆ ಸುಮಾರು 250 ಕಿ.ಮೀ. ಬೆಟ್ಟದ ದಾರಿ, ಒಂದು ಹಗಲು ಅದಕ್ಕೇ ಸರಿ. ನೈನಿತಾಲ್ ಇರುವುದು ಉತ್ತರಾಖಂಡದಲ್ಲಿ, ಬೇರೆಯದೇ ದಿಕ್ಕು. ಮಕ್ಕಳು ನೋಡುವುದು ಟ್ಯಾಕ್ಸಿಯ ಕಿಟಕಿ ಮಾತ್ರ. ಒಂದೇ ಊರು ಆರಿಸಿ, ನಾಲ್ಕು ರಾತ್ರಿ ಅಲ್ಲೇ ಇರಿ.

ತಿಂಗಳನ್ನೂ ಬದಲಿಸಿ. ನಮ್ಮ ಶಾಲೆಗಳಿಗೆ ರಜೆ ಏಪ್ರಿಲ್‌ನಲ್ಲೇ ಬರುತ್ತದೆ. ದೆಹಲಿ, ಪಂಜಾಬ್ ಕಡೆ ಮೇ ಮಧ್ಯದ ನಂತರ, ಜೂನ್‌ವರೆಗೆ. ಅವರು ಮೇಲೆ ಹತ್ತುವ ಮುಂಚೆಯೇ ನೀವು ಇಳಿದು ಬಂದುಬಿಡಬಹುದು. ಏಪ್ರಿಲ್ 15ರಿಂದ ಮೇ 10ರೊಳಗೆ ಹೋದರೆ ರೂಮಿನ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ ಇರುತ್ತದೆ, ರಸ್ತೆಯಲ್ಲಿ ಗಂಟೆಗಟ್ಟಲೆ ನಿಲ್ಲುವ ಪಾಡೂ ತಪ್ಪುತ್ತದೆ.

ಅತ್ತೆಯವರ ಮಂಡಿಯ ದೃಷ್ಟಿಯಿಂದ ನಮ್ಮ ಓಟು ನೈನಿತಾಲ್‌ಗೆ. ಕೆರೆ ದಂಡೆಯ ಮಾಲ್ ರಸ್ತೆ ತಲ್ಲಿತಾಲ್‌ನಿಂದ ಮಲ್ಲಿತಾಲ್‌ವರೆಗೆ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ದೆಹಲಿಯಿಂದ ಕಾಠಗೋದಾಮ್‌ವರೆಗೆ ರೈಲು, ಅಲ್ಲಿಂದ ಸುಮಾರು 35 ಕಿ.ಮೀ. ಟ್ಯಾಕ್ಸಿ. ಶಿಮ್ಲಾದ ಮಾಲ್ ರಸ್ತೆಗೆ ಪ್ರವಾಸಿಗರ ವಾಹನ ಬಿಡುವುದಿಲ್ಲ. ಕೆಳಗಿನ ಕಾರ್ಟ್ ರಸ್ತೆಯಿಂದ ಲಿಫ್ಟ್ ಇದೆ, ರಜೆ ಕಾಲದಲ್ಲಿ ಅದಕ್ಕೂ ಸಾಲು. ಎಲ್ಲಿ ಹೋದರೂ ಹೋಟೆಲಿನವರು ‘ಮಾಲ್‌ನಿಂದ ಬರೀ 200 ಮೀಟರ್’ ಎಂದಾಗ ನಂಬಿ ದುಡ್ಡು ಕಟ್ಟಬೇಡಿ. ಆ 200 ಮೀಟರ್ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಹಾಗಿರಬಹುದು. ಫೋನ್ ಮಾಡಿ ಮೂರು ಮಾತು ಕೇಳಿ: ಕಾರು ಬಾಗಿಲವರೆಗೆ ಬರುತ್ತದಾ, ಬಾಗಿಲಿಂದ ರೂಮಿಗೆ ಎಷ್ಟು ಮೆಟ್ಟಿಲು, ರೂಮ್ ಹೀಟರಿಗೆ ಬೇರೆ ದುಡ್ಡಾ.

ಘಾಟಿಯಲ್ಲಿ ಮಕ್ಕಳು ವಾಂತಿ ಮಾಡುವುದು ಹೆಚ್ಚಾಗಿ ಮೊಬೈಲ್ ನೋಡುವುದರಿಂದ. ಕಣ್ಣು ಪರದೆಯ ಮೇಲೆ ನೆಟ್ಟಿರುತ್ತದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿರುವು ಗೊತ್ತಾಗುತ್ತದೆ, ಎರಡಕ್ಕೂ ತಾಳೆಯಾಗುವುದಿಲ್ಲ. ದೂರದ ಬೆಟ್ಟ ನೋಡಲು ಹೇಳಿ. ಖಾಲಿ ಹೊಟ್ಟೆಯೂ ಬೇಡ, ಪೂರಿ–ಸಾಗುವೂ ಬೇಡ. ಎರಡು ಇಡ್ಲಿಯಷ್ಟು ಸಾಕು.

ಪ್ರಶ್ನೆ: ಕಾಲ್ಕಾ–ಶಿಮ್ಲಾ ಪುಟಾಣಿ ರೈಲಿಗೆ ಇಲ್ಲಿಂದ ಹೇಗೆ ಹೊಂದಿಸಿಕೊಳ್ಳುವುದು?
– ಮದ್ದೂರು

ಉತ್ತರ: ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ದಿನವೂ ಇದೆ, ದೆಹಲಿಗೆ ಎರಡು ರಾತ್ರಿ. ಮೈಸೂರಿನಿಂದ ದೆಹಲಿಯ ನಿಜಾಮುದ್ದೀನ್‌ಗೆ ಸ್ವರ್ಣ ಜಯಂತಿ ರೈಲು ವಾರಕ್ಕೊಂದು. ಬುಕಿಂಗ್ ತೆರೆಯುವುದು 60 ದಿನ ಮೊದಲು. ಮೊದಲು ಪುಟಾಣಿ ರೈಲಿನ ಸೀಟು ಹಿಡಿದು, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಲ್ಲಿ ಸೀಟು ಕಡಿಮೆ. ತಪ್ಪಾಗುವುದು ದೆಹಲಿಯಲ್ಲಿ. ಎರಡು ರಾತ್ರಿ ಓಡಿ ಬರುವ ರೈಲು ಮೂರು ನಾಲ್ಕು ಗಂಟೆ ತಡವಾದರೆ ಮುಂದಿನದು ಕೈತಪ್ಪುತ್ತದೆ. ಆ ರಾತ್ರಿ ದೆಹಲಿಯಲ್ಲೇ ತಂಗಿ, ಬೆಳಿಗ್ಗೆ ಕಾಲ್ಕಾ ಶತಾಬ್ದಿ ಹಿಡಿಯುವುದು ಜಾಣತನ.

1903ರಲ್ಲಿ ಶುರುವಾದ ಈ ಮಾರ್ಗ 96 ಕಿ.ಮೀ., ಸುರಂಗ 102. ಐದು ಗಂಟೆ ಮೀರಿ ಹಿಡಿಯುತ್ತದೆ. ಹಳಿಗಳ ನಡುವಿನ ಅಂತರ ಎರಡೂವರೆ ಅಡಿಯಷ್ಟೇ, ಡಬ್ಬಿಯೂ ಕಿರಿದು. ದೊಡ್ಡ ಟ್ರಾಲಿ ಸೂಟ್‌ಕೇಸ್ ಇಡಲು ಜಾಗ ಇಲ್ಲ. ಮೆತ್ತನೆಯ ಬ್ಯಾಗಿನಲ್ಲಿ ತುಂಬಿಕೊಳ್ಳಿ. ಹೋಗುವಾಗ ರೈಲು, ಬರುವಾಗ ಟ್ಯಾಕ್ಸಿ ಸಾಕು: ಮೂವತ್ತನೇ ಸುರಂಗದ ಹೊತ್ತಿಗೆ ಮಕ್ಕಳ ಕೂಗಾಟ ನಿಂತು ಆಕಳಿಕೆ ಶುರುವಾಗಿರುತ್ತದೆ.

ಪ್ರಶ್ನೆ: ಕಾಶ್ಮೀರದಲ್ಲಿ ನಮ್ಮ ಸಿಮ್ ನಡೆಯುತ್ತದೆಯೆ?
– ಮಂಡ್ಯ

ಉತ್ತರ: ಪೋಸ್ಟ್‌ಪೇಯ್ಡ್ ನಡೆಯುತ್ತದೆ, ಇಲ್ಲಿಯ ಪ್ರೀಪೇಯ್ಡ್ ಇಲ್ಲ. ಹಿಮಾಚಲ, ಉತ್ತರಾಖಂಡದಲ್ಲಿ ಈ ತೊಡಕಿಲ್ಲ.

ಪ್ರಶ್ನೆ: ಯಜಮಾನರಿಗೆ ಬಿಪಿ, ಶುಗರ್ ಎರಡೂ ಇದೆ. ಮನಾಲಿಯಿಂದ ರೋಹ್ತಾಂಗ್‌ಗೆ ಕರೆದೊಯ್ಯಬಹುದೆ?
– ಪಾಂಡವಪುರ

ಉತ್ತರ: ಮನಾಲಿ ಸುಮಾರು 2,050 ಮೀಟರ್ ಎತ್ತರ, ಅಲ್ಲಿ ಭಯವಿಲ್ಲ. ರೋಹ್ತಾಂಗ್ 3,978 ಮೀಟರ್. ಒಂದೇ ಬೆಳಿಗ್ಗೆ ಅಷ್ಟು ಏರಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ; ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ತಲೆನೋವು, ವಾಕರಿಕೆ ಬರುವುದು ಅದಕ್ಕೇ, ಚಳಿಗಲ್ಲ. ಸ್ವೆಟರ್ ಮೇಲೆ ಸ್ವೆಟರ್ ಹಾಕಿದರೆ ಹೋಗುವುದಿಲ್ಲ.

ಮನಾಲಿಯಲ್ಲಿ ಎರಡು ರಾತ್ರಿ ಕಳೆದ ಮೇಲೆ, 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಸಿಸ್ಸುವಿಗೆ ಹೋಗಿ ಬನ್ನಿ. 3,100 ಮೀಟರ್ ಆಸುಪಾಸು, ರೋಹ್ತಾಂಗ್‌ಗೆ ಬೇಕಾಗುವ ಪರ್ಮಿಟ್ಟಿನ ಗೋಜಿಲ್ಲ, ಸುತ್ತ ಹಿಮದ ಶಿಖರಗಳ ನೋಟ. ಏಪ್ರಿಲ್‌ನಲ್ಲಿ ರೋಹ್ತಾಂಗ್ ದಾರಿ ಸಾಮಾನ್ಯವಾಗಿ ಹಿಮದಿಂದ ಮುಚ್ಚಿರುತ್ತದೆ. ಮಂಗಳವಾರ ಹೇಗೂ ಪ್ರವಾಸಿಗರನ್ನು ಬಿಡುವುದಿಲ್ಲ.

ಹೊರಡುವ ಹದಿನೈದು ದಿನ ಮೊದಲೇ ನಿಮ್ಮ ಡಾಕ್ಟರಿಗೆ ಎತ್ತರದ ಅಂಕಿ ಹೇಳಿ ಕೇಳಿ. ಎತ್ತರದ ತೊಂದರೆಗೆಂದು ಕೊಡುವ ಅಸೆಟಜೋಲಮೈಡ್ ಮಾತ್ರೆ ಸ್ವಂತಕ್ಕೆ ನುಂಗಬೇಡಿ. ಸಲ್ಫಾ ಔಷಧ ಆಗದವರಿಗೆ ಅದು ತೊಂದರೆ ಕೊಡಬಹುದು. ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ಇನ್ಸುಲಿನ್ ಇದ್ದರೆ ಒಳಜೇಬಿನಲ್ಲಿಡಿ, ಹೆಪ್ಪುಗಟ್ಟಿದರೆ ಕೆಟ್ಟಂತೆ. ದಾರಿಯಲ್ಲಿ ಮಾರುವ ಕರ್ಪೂರದ ಗಂಟು ಮೂಸಿದರೆ ಆಮ್ಲಜನಕ ಬರುವುದಿಲ್ಲ, ಮೂಗು ತಣ್ಣಗಾಗುತ್ತದೆ ಅಷ್ಟೆ. ಮೇಲೆ ಹೋದಾಗ ಎತ್ತರ ಒಗ್ಗುತ್ತಿಲ್ಲವೆಂಬ ಅನುಮಾನ ಬಂದರೆ ಯಜಮಾನರನ್ನು ನೆಲದ ಗೆರೆಯೊಂದರ ಮೇಲೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಅಥವಾ ಕೂತಲ್ಲೇ ಏದುಸಿರು ಬಂದರೆ, ಫೋಟೊ ಬಿಟ್ಟು ಆಗಲೇ ಕೆಳಗಿಳಿಯಿರಿ.

ಪ್ರಶ್ನೆ: ನಮ್ಮ ಮನೆಯವರಿಗೆ ಮುದ್ದೆ ಇಲ್ಲದೆ ನಡೆಯದು. ಅಡುಗೆಮನೆ ಇರುವ ಹೋಮ್‌ಸ್ಟೇ ಹಿಡಿದಿದ್ದೇವೆ. ಮೇಲೆ ಬೇಳೆ ಬೇಯುವುದಿಲ್ಲವಂತೆ, ಹೌದೆ?
– ಶ್ರೀರಂಗಪಟ್ಟಣ

ಉತ್ತರ: ತೆರೆದ ಪಾತ್ರೆಯಲ್ಲಿ ಹೌದು. ನಮ್ಮಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ, ಶಿಮ್ಲಾ ಎತ್ತರದಲ್ಲಿ 92–93ಕ್ಕೇ. ಉರಿ ಜೋರು ಮಾಡಿದರೆ ನೀರು ಬತ್ತುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ತೊಗರಿಬೇಳೆ ಗಂಟೆ ನೆನೆಸಿ, ಕುಕ್ಕರಿನಲ್ಲಿ ಇಲ್ಲಿಗಿಂತ ಒಂದೆರಡು ವಿಷಲ್ ಹೆಚ್ಚು ಕೂಗಿಸಿ. ರಾಗಿ ಹಿಟ್ಟಿಗೆ ಆ ಬಿಸಿಯೇ ಧಾರಾಳ. ಅಳತೆ ಅದೇ, ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಹಿಟ್ಟು ಹಾಕಿದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಹೆಚ್ಚು ಬಿಟ್ಟು ತಿರುವಿ. ಇಲ್ಲದಿದ್ದರೆ ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಮುದ್ದೆ ಕೋಲು ಅಲ್ಲಿ ಸಿಗದು, ಬ್ಯಾಗಿಗೆ ಹಾಕಿ.

ವಿಮಾನವಾದರೆ ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಚೆಕ್‌ಇನ್ ಬ್ಯಾಗಿನಲ್ಲಿರಲಿ. ಕೊಬ್ಬರಿ ಗಿಟುಕು ಮನೆಯಲ್ಲೇ ಬಿಡಿ: ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುತ್ತದೆಂದು ಅದನ್ನು ತೆಗೆದಿಡುತ್ತಾರೆ. ಹಿಮಾಚಲಕ್ಕೆ ಹೋದರೆ ಒಂದು ಹೊತ್ತಾದರೂ ‘ಸಿಡ್ಡು’ ತಿನ್ನಿ. ಹುದುಗಿಸಿದ ಗೋಧಿ ಹಿಟ್ಟಿಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ ತುಪ್ಪ ಹಾಕಿ ಕೊಡುತ್ತಾರೆ. ಕಡುಬು ತಿಂದ ನಾಲಿಗೆಗೆ ಹೊಸದೆನಿಸದು.