ಮಾರ್ಫಿನ್ ಡೋಸ್ ಜಾಸ್ತಿ ಆಯ್ತು ಅಂದ್ರೆ ಅಪ್ಪಂಗೆ ಚಟ ಹತ್ತಿತು ಅಂತಾನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಪ್ಪಂಗೆ 68 ವರ್ಷ, ಬಾಯಿ ಕ್ಯಾನ್ಸರು, ಈಗ ಮೂಳೆಗೂ ಹಬ್ಬಿದೆ. ಮೂರು ತಿಂಗಳ ಹಿಂದೆ ಮಾರ್ಫಿನ್ ಮಾತ್ರೆ 10 ಮಿಲಿಗ್ರಾಂ, ನಾಲ್ಕು ಗಂಟೆಗೊಂದು ಸಲ ಅಂತ ಶುರು ಮಾಡಿದ್ರು, ಈಗ 30ಕ್ಕೆ ಬಂದಿದೆ. ಚಿಕ್ಕಪ್ಪ ಬಂದಾಗೆಲ್ಲ "ಅದು ಅಫೀಮಿನ ಮದ್ದು ಕಣೇ, ಅಣ್ಣಂಗೆ ಚಟ ಹತ್ತಿಸ್ತಿದ್ದೀಯಾ" ಅಂತ ಬೈತಾರೆ. ಅದನ್ನ ಕೇಳಿ ಅಪ್ಪ ರಾತ್ರಿ ಮಾತ್ರೆ ಬೇಡ ಅಂತ ಟವಲ್ ಕಚ್ಚಿಕೊಂಡು ಮಲಗ್ತಾರೆ. ನಾನೇನ್ ಮಾಡ್ಲಿ?
– ಓದುಗರು, ಹಾಸನ

ಉತ್ತರ: ಮೊದಲು ಇವತ್ತು ರಾತ್ರಿ ಮಾತ್ರೆ ಕೊಡಿ ಅಮ್ಮ, ಡಾಕ್ಟ್ರು ಬರೆದಷ್ಟು, ಬರೆದ ಟೈಮಿಗೆ. ಮಿಕ್ಕಿದ್ದನ್ನ ಆಮೇಲೆ ಓದಿ, ಚಿಕ್ಕಪ್ಪಂಗೂ ಓದಿ ಹೇಳಿ.

ನಮ್ಮ ನರಕೋಶಗಳ ಮೇಲೆ ಒಪಿಯಾಯ್ಡ್ ರಿಸೆಪ್ಟರ್, ಅಂದ್ರೆ ಅಫೀಮಿನ ಜಾತಿಯ ಮದ್ದು ಬಂದು ಕೂರೋ ಜಾಗಗಳು ಇರ್ತವೆ, ಮಾರ್ಫಿನ್ ಹೋಗಿ ಕೂರೋದು ಅದರಲ್ಲಿ 'ಮ್ಯೂ' ಅನ್ನೋದರ ಮೇಲೆ. ದೇವರು ಅಫೀಮಿಗೆ ಅಂತ ಅದನ್ನ ಇಟ್ಟಿದ್ದಲ್ಲ, ನಮ್ಮ ದೇಹವೇ ಅದಕ್ಕೆ ಕೂರೋ ಮದ್ದು ಮಾಡ್ಕೊಳತ್ತೆ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಹಂದಿ ಮೆದುಳಿಂದ ತೆಗೆದ ಎನ್‌ಕೆಫಲಿನ್ ಅಂಥದ್ದೇ. ಮ್ಯೂ ಮೇಲೆ ಮಾರ್ಫಿನ್ ಕೂತ್ರೆ ಕೋಶದ ಒಳಗೆ ಸುದ್ದಿ ಮುಟ್ಟಿಸೋ ಜಿ ಪ್ರೋಟೀನ್ ಎಚ್ಚೆತ್ತು ಕ್ಯಾಲ್ಸಿಯಂ ಬಾಗಿಲು ಮುಚ್ಚತ್ತೆ, ಪೊಟ್ಯಾಸಿಯಂ ಬಾಗಿಲು ತೆಗೆಯತ್ತೆ, ಸೈಕ್ಲಿಕ್ ಎಎಂಪಿ ಅನ್ನೋ ರಾಸಾಯನಿಕ ಇಳಿಯತ್ತೆ, ಹಂಗಾಗಿ ಮೂಳೆಯಿಂದ ಹೊರಟ ನೋವಿನ ಸುದ್ದಿ ಬೆನ್ನುಹುರಿಯಲ್ಲೇ ತಗ್ಗಿ ಹೋಗತ್ತೆ.

ದಿನಾ ಹಿಂಗೇ ಆಗ್ತಿದ್ರೆ ಕೋಶ ಸುಮ್ನೆ ಇರಲ್ಲ. ರಿಸೆಪ್ಟರಿನ ಬಾಲಕ್ಕೆ ಫಾಸ್ಫೇಟ್ ಅಂಟತ್ತೆ, ಅರೆಸ್ಟಿನ್ ಅನ್ನೋ ಪ್ರೋಟೀನ್ ಬಂದು ಅಡ್ಡ ಕೂತು ಜಿ ಪ್ರೋಟೀನನ್ನ ಹತ್ರ ಬಿಡಲ್ಲ. ಜೊತೆಗೆ ಇಳಿದುಹೋದ ಸೈಕ್ಲಿಕ್ ಎಎಂಪಿನ ಮತ್ತೆ ಮೇಲೆ ತರೋಕೆ ಅದನ್ನ ಮಾಡೋ ಎಂಜೈಮಿನ ಕೆಲಸನೂ ಕೋಶ ಜಾಸ್ತಿ ಮಾಡ್ಕೊಳತ್ತೆ. ಶರ್ಮಾ, ಕ್ಲೀ, ನೀರೆನ್‌ಬರ್ಗ್ ಅನ್ನೋ ಮೂವರು 1975ರಲ್ಲೇ ಲ್ಯಾಬಲ್ಲಿ ಬೆಳೆಸಿದ ಕೋಶಗಳಲ್ಲಿ ಇದನ್ನ ತೋರಿಸಿದ್ರು, ಮಾರ್ಫಿನ್ ಇದ್ರೂ ಸೈಕ್ಲಿಕ್ ಎಎಂಪಿ ಮೊದಲಿನ ಮಟ್ಟಕ್ಕೆ ಬಂತು, ಮಾರ್ಫಿನ್ ತೆಗೆದ ಕೂಡ್ಲೇ ಮಿತಿಮೀರಿ ಏರಿತು. ಮದ್ದಿದ್ರೂ ಪರಿಣಾಮ ಕಮ್ಮಿ ಆಗೋದು ಟಾಲರೆನ್ಸ್, ಮದ್ದು ದಿಢೀರ್ ನಿಂತಾಗ ಬೆವರು, ಮೂಗು ಸೋರೋದು, ರೋಮಾಂಚನ, ಭೇದಿ ಎಲ್ಲ ಬರೋದು ವಿತ್‌ಡ್ರಾವಲ್. ಸ್ಟೆರಾಯ್ಡ್ ಮಾತ್ರೆನೂ ತುಂಬಾ ದಿನ ತಗೊಂಡ್ರೆ ದಿಢೀರ್ ಅಂತ ನಿಲ್ಲಿಸೋ ಹಾಗಿಲ್ಲ, ಅದನ್ನ ಯಾರೂ ಚಟ ಅನ್ನಲ್ಲ ಅಲ್ವಾ? ಅದೂ ಅಲ್ದೆ ನಿಮ್ಮಪ್ಪಂಗೆ ಕಾಯಿಲೆ ಮೂಳೆಗೆ ಹೋಗಿದೆ, ನೋವೇ ಜಾಸ್ತಿ ಆಗಿ ಡೋಸ್ ಏರಿರೋದು ತುಂಬಾ ಸಹಜ.

ಚಟದ ಜಾಗ ಬೇರೆ. ನಡುಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಸುರಿಸೋ ಕೋಶಗಳಿಗೆ ಬ್ರೇಕ್ ಹಾಕೋ ಗಾಬಾ ಕೋಶಗಳಿವೆ, ಅವುಗಳ ಮೇಲೂ ಇದೇ ಮ್ಯೂ ಇದೆ. ಮಾರ್ಫಿನ್ ಆ ಬ್ರೇಕನ್ನೇ ಸಡಿಲ ಮಾಡಿದಾಗ ಡೋಪಮೈನ್ ಹರಿಯತ್ತೆ, ಮೆದುಳು 'ಇದು ಮುಖ್ಯ, ಮತ್ತೆ ಬೇಕು' ಅಂತ ಕಲಿಯತ್ತೆ. ನರಕ್ಕೆ ಚುಚ್ಚಿಕೊಂಡ ಹೆರಾಯಿನ್ ಥಟ್ ಅಂತ ಏರೋದ್ರಿಂದ ಆ ಪಾಠ ಗಟ್ಟಿ ಕೂರತ್ತೆ, ಬಾಯಲ್ಲಿ ನುಂಗಿದ ಮಾತ್ರೆ ನಿಧಾನಕ್ಕೆ ಏರತ್ತೆ. ಹಂಗಂತ ಮಾತ್ರೆಯಿಂದ ಚಟ ಬರೋದೇ ಇಲ್ಲ ಅಂತ ನಾನು ಹೇಳಲ್ಲ, ಅದರಲ್ಲೂ ಮೊದಲೇ ಬೇರೆ ಚಟ ಇದ್ದೋರಿಗೆ ಜಾಸ್ತಿ ಹುಷಾರಾಗಿ ಕೊಡ್ಬೇಕು. ಆದ್ರೆ ಚಟ ಹತ್ತಿದವರು ಮಾತ್ರೆ ಬೇಡ ಅಂತ ಟವಲ್ ಕಚ್ಚಿಕೊಂಡು ಮಲಗಲ್ಲಮ್ಮ. ಮಾತ್ರೆ ತಗೊಂಡ ಮೇಲೆ ಅಪ್ಪ ಎದ್ದು ಕೂರ್ತಾರಾ, ಎರಡು ಲೋಟ ಗಂಜಿ ಕುಡೀತಾರಾ, ಮೊಮ್ಮಕ್ಕಳ ಹತ್ರ ಮಾತಾಡ್ತಾರಾ? ಅದನ್ನ ನೋಡಿ.

ಕರುಳಲ್ಲಿ ಮಾತ್ರ ಈ ಟಾಲರೆನ್ಸ್ ಸರಿಯಾಗಿ ಬರಲ್ಲ, ಮಲಬದ್ಧತೆ ಕೊನೇವರೆಗೂ ಇರತ್ತೆ, ಅದಕ್ಕೆ ಹೊಟ್ಟೆ ಸಡಿಲ ಮಾಡೋ ಔಷಧಿ ದಿನಾ ಬೇಕು. ತೀರಾ ಮಂಪರಾಗಿ, ಕೂಗಿದ್ರೂ ಏಳದೇ ಇದ್ರೆ ತಕ್ಷಣ ಡಾಕ್ಟ್ರಿಗೆ ಹೇಳಿ.

ಪ್ರಶ್ನೆ: ನನ್ನ ಮಗ 24 ವರ್ಷದವನು, ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ತಿದ್ದ. ಡಿ-ಅಡಿಕ್ಷನ್ ಸೆಂಟರಲ್ಲಿ ಒಂದು ತಿಂಗಳಿದ್ದು ಬಂದಿದಾನೆ, ಮೈ ಕೈ ತುಂಬಿಕೊಂಡಿದಾನೆ. ಈಗ ನಾಲಿಗೆ ಕೆಳಗೆ ಇಡೋ ಮಾತ್ರೆ ತಗೋ ಅಂತಾರೆ, ಒಂದು ಚಟ ಬಿಡಿಸೋಕೆ ಇನ್ನೊಂದಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ನನಗೆ ನಿಜವಾಗ್ಲೂ ಹೆದರಿಕೆ ಆಗೋದು ಈ ಟೈಮಲ್ಲೇ. ಒಂದು ತಿಂಗಳಲ್ಲಿ ಅವನ ದೇಹ ಟಾಲರೆನ್ಸ್ ಕಳ್ಕೊಂಡಿದೆ, ಆದ್ರೆ ಮೆದುಳು ಕಲಿತ ಪಾಠ ಮರೆತಿಲ್ಲ. ಹಳೇ ಗೆಳೆಯ ಸಿಕ್ಕಿ, ಹಳೇ ಲೆಕ್ಕದಲ್ಲೇ ಚುಚ್ಚಿಕೊಂಡ್ರೆ ಉಸಿರೇ ನಿಲ್ಲಬಹುದು. ಟಾಲರೆನ್ಸಿಗೂ ಯಾವ ಜಾಗದಲ್ಲಿ ಕೂತು ತಗೋತಾರೆ ಅನ್ನೋದಕ್ಕೂ ಸಂಬಂಧ ಇದೆ, 1982ರಲ್ಲಿ ಸೀಗಲ್ ಅನ್ನೋರು ಹೆರಾಯಿನ್ ಅಭ್ಯಾಸ ಆದ ಇಲಿಗಳಿಗೆ ದೊಡ್ಡ ಡೋಸ್ ಕೊಟ್ಟಾಗ, ಅಭ್ಯಾಸದ ಕೋಣೆಯಲ್ಲಿ 32 ಪರ್ಸೆಂಟ್ ಸತ್ತವು, ಹೊಸ ಕೋಣೆಯಲ್ಲಿ 64.

ಆ ಮಾತ್ರೆ ಬ್ಯುಪ್ರೆನಾರ್ಫಿನ್ ಇರಬೇಕು. ಅದು ಅದೇ ಮ್ಯೂ ಮೇಲೆ ಗಟ್ಟಿಯಾಗಿ ಕೂರತ್ತೆ, ಆದ್ರೆ ಅದನ್ನ ಪೂರ್ತಿ ಎಚ್ಚರಿಸಲ್ಲ, ಹಂಗಾಗಿ ಬೇಕು ಬೇಕು ಅನ್ನೋದು ತಗ್ಗತ್ತೆ, ಮೇಲೆ ಬೇರೆ ತಗೊಂಡ್ರೂ ಅಷ್ಟಾಗಿ ಹತ್ತಲ್ಲ. ಅವನು ಕೆಲಸಕ್ಕೆ ಹೋಗಬಹುದು, ಮನೇಲಿ ಎಲ್ಲರ ಜೊತೆ ಕೂತು ಊಟ ಮಾಡಬಹುದು. ಡಾಕ್ಟ್ರು ಬೇಕು ಅಂದಷ್ಟು ದಿನ ತಗೊಳ್ಲಿ, ನಿಲ್ಲಿಸು ಅಂತ ನೀವು ಒತ್ತಾಯ ಮಾಡ್ಬೇಡಿ. ನಿದ್ದೆ ಮಾತ್ರೆ, ಮದ್ಯ ಮಾತ್ರ ಇದರ ಜೊತೆ ಸೇರಲೇಬಾರದು. ಸಲಹೆಗೆ 14446ಗೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಒಂದು ವೇಳೆ ತುಟಿ ನೀಲಿಗಟ್ಟಿ, ಗೊರಗೊರ ಸದ್ದು ಬರ್ತಾ, ಕಣ್ಣಿನ ಕಪ್ಪು ಚುಕ್ಕೆ ಸೂಜಿಮೊನೆಯಷ್ಟಾಗಿ ಬಿದ್ದಿದ್ರೆ ಬೈಯೋಕೆ, ನೀರು ಕುಡಿಸೋಕೆ ಹೋಗ್ಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ ಏನು ತಗೊಂಡಿದಾನೆ ಅಂತ ಮುಚ್ಚಿಡದೆ ಹೇಳಿ, ಒಂದು ಮಗ್ಗುಲಿಗೆ ಮಲಗಿಸಿ. ಮ್ಯೂ ಮೇಲಿಂದ ಮದ್ದನ್ನ ಎಬ್ಬಿಸಿ ಓಡಿಸೋ ನಾಲಾಕ್ಸೋನ್ ಇಂಜೆಕ್ಷನ್ ಇದೆ, ಟೈಮಿಗೆ ಸಿಕ್ಕಿದ್ರೆ ಕೆಲವೇ ನಿಮಿಷದಲ್ಲಿ ಉಸಿರು ಮರಳತ್ತೆ. ಅದರ ಪ್ರಭಾವ ಬೇಗ ಇಳಿಯೋದ್ರಿಂದ, ಎದ್ದು ಕೂತ ಅಂತ ಆಸ್ಪತ್ರೆಯಿಂದ ಆಗಲೇ ಮನೆಗೆ ಕರ್ಕೊಂಡು ಬರಬೇಡಿ.