ಬ್ರಿಟಿಷ್ ಕಾಲದಲ್ಲಿ ಬ್ರಿಟನ್ನಿಂದ ವಲಸೆ ಹೋಗೋರಿಗೆ ಹಡಗಿನ ಟಿಕೆಟ್ ಅಗ್ಗ ಆಗಿದ್ದು ಹೇಗೆ?

ಟಿಕೆಟ್ ಮೇಲೆ ಚೌಕಾಸಿ ಮಾಡ್ತಿದ್ದಿದ್ದು ಹೋಗೋ ಜನ ಅಲ್ಲ, ಅವರ ಪರವಾಗಿ ಸರ್ಕಾರಗಳು. 1922ರ ಎಂಪೈರ್ ಸೆಟಲ್‌ಮೆಂಟ್ ಆಕ್ಟ್ ತಗೊಳ್ಳಿ, ಅಂದ್ರೆ ಬ್ರಿಟನ್ ಜನರನ್ನ ಸಾಮ್ರಾಜ್ಯದ ಬೇರೆ ದೇಶಗಳಲ್ಲಿ ನೆಲೆಗೊಳಿಸೋಕೆ ಮಾಡಿದ ಕಾನೂನು, ಲಂಡನ್ ಸರ್ಕಾರ ವರ್ಷಕ್ಕೆ 30 ಲಕ್ಷ ಪೌಂಡ್‌ವರೆಗೆ ಖರ್ಚು ಮಾಡೋಕೆ ಒಪ್ಕೊಳ್ತು, ಆದ್ರೆ ಒಂದು ಸ್ಕೀಮಿನ ಅರ್ಧಕ್ಕಿಂತ ಜಾಸ್ತಿ ಕೊಡಲ್ಲ, ಉಳಿದಿದ್ದನ್ನ ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳು ಇಲ್ಲಾ ಸಂಸ್ಥೆಗಳು ಹಾಕ್ಬೇಕು. ಹಡಗು ಕಂಪನಿಗಳಿಗೂ ಲಾಭ ಇತ್ತು, ಯಾಕಂದ್ರೆ ಖಾಲಿ ಬರ್ತ್ ಇಟ್ಕೊಂಡು ಹೋದ್ರೂ ಕಲ್ಲಿದ್ದಲು, ಸಿಬ್ಬಂದಿ ಖರ್ಚು ಹೆಚ್ಚುಕಮ್ಮಿ ಅಷ್ಟೇ, ಅದರ ಬದಲು ಸರ್ಕಾರವೇ ಸಾವಿರಗಟ್ಟಲೆ ಜನರನ್ನ ಕಳಿಸ್ತೀನಿ ಅಂದ್ರೆ ರೇಟ್ ಇಳಿಸೋದೇ ವಾಸಿ. ಹೀಗೆ 1926ರಲ್ಲಿ ಕೆನಡಾಗೆ ಹೋಗೋ ರೈತ ಕುಟುಂಬ, ಹೊಲದ ಕೆಲಸದವರು, ಮನೆಗೆಲಸದ ಹೆಂಗಸರಿಗೆ ಹಡಗಿನ ಚಾರ್ಜ್ ಬರೀ 3 ಪೌಂಡ್ ಆಯ್ತು. ಗುಮಾಸ್ತರಿಗೆ ಆ ರೇಟ್ ಇಲ್ಲ, ಕೆನಡಾಗೆ ಬೇಕಿದ್ದಿದ್ದು ಹೊಲ ಉಳೋ ಕೈ.

ನಂಗೆ ಸಿಟ್ಟು ಬರೋದು ಇಲ್ಲಿ, ಇದೇ ಕೆನಡಾ 1908ರಲ್ಲಿ ‘ತಾಯ್ನಾಡಿಂದ ಎಲ್ಲೂ ಮಧ್ಯೆ ಇಳಿಯದೆ ನೇರ ಬರ್ಬೇಕು’ ಅಂತ ರೂಲ್ ಮಾಡಿ, ಭಾರತದಿಂದ ಹಾಗೆ ನೇರ ಹೋಗೋ ಹಡಗು ಇಲ್ದೇ ಇದ್ದಿದ್ರಿಂದ, ಭಾರತದೋರನ್ನ ತಡೀತು, ಜೊತೆಗೆ ಕೈಯಲ್ಲಿ 200 ಡಾಲರ್ ಇರ್ಬೇಕು ಅಂತಾನೂ ಹಾಕ್ತು. 1914ರಲ್ಲಿ ಕೋಮಗಾಟ ಮಾರು ಹಡಗಲ್ಲಿ ಸ್ವಂತ ದುಡ್ಡು ಕೊಟ್ಟು ಹೋದ 376 ಭಾರತೀಯರಲ್ಲಿ ಹೆಚ್ಚಿನವರನ್ನ ವ್ಯಾಂಕೂವರ್‌ನಿಂದ್ಲೇ ವಾಪಸ್ ಅಟ್ಟಿದ್ರು, ಅವರೂ ಬ್ರಿಟಿಷ್ ಪ್ರಜೆಗಳೇ.