ಅತ್ತೆಯ ಮಂಚದಿಂದ ಮರಳಿನವರೆಗೆ

ಪ್ರಶ್ನೆ: ನಾವು ಹತ್ತು ಜನ ಒಂದು ವಾರ ಸಮುದ್ರ ತೀರದಲ್ಲಿ ಇದ್ದು ಬರೋಣ ಅಂತ ಹೊರಟಿದ್ದೇವೆ. ಅತ್ತೆ, ಮಾವ, ನನ್ನ ಅಮ್ಮ, ನಾವಿಬ್ಬರು, ನಾದಿನಿ, ಅವಳ ಗಂಡ, ಮೂವರು ಮಕ್ಕಳು. ನನ್ನ ಮಗನಿಗೆ 15, ಮಗಳಿಗೆ 7, ನಾದಿನಿಯ ಮಗುವಿಗೆ 2 ವರ್ಷ. ಅತ್ತೆಗೆ ಮಂಡಿನೋವು, ವಾಕರ್ ಹಿಡಿದೇ ಓಡಾಡುತ್ತಾರೆ. ಮಾವ ರಾತ್ರಿ ಮೂರ್ನಾಲ್ಕು ಸಲ ಬಾತ್‌ರೂಮಿಗೆ ಏಳುತ್ತಾರೆ. ಎರಡು ಜಾಗ ನೋಡಿಟ್ಟಿದ್ದೇವೆ. ಒಂದು ಒಂಬತ್ತನೇ ಮಹಡಿಯ ಕಾಂಡೊ, ಅಂದರೆ ಫ್ಲ್ಯಾಟ್. ಮೂರು ಬೆಡ್‌ರೂಮ್, ಬಾಲ್ಕನಿಗೆ ಬಂದರೆ ಎದುರಿಗೇ ಸಮುದ್ರ, ‘ಹತ್ತು ಜನ ಆರಾಮಾಗಿ ಮಲಗಬಹುದು’ ಅಂತ ಹಾಕಿದ್ದಾರೆ. ಇನ್ನೊಂದು, ನೆಲಮಹಡಿಯಲ್ಲಿ ಪಕ್ಕಪಕ್ಕದ ಎರಡು ಫ್ಲ್ಯಾಟ್, ಎರಡೆರಡು ಬೆಡ್‌ರೂಮಿನವು. ಬಾಡಿಗೆ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಸ್ವಲ್ಪ ನಡೆಯಬೇಕು. ಮಕ್ಕಳಿಗೂ ನನ್ನ ಗಂಡನಿಗೂ ಮೊದಲನೆಯದೇ ಬೇಕು. ಅತ್ತೆ ‘ನಾನು ಬಾಲ್ಕನಿಯಲ್ಲಿ ಕೂತಿರ್ತೀನಿ, ನೀವು ಹೋಗಿಬನ್ನಿ’ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ನೆಲಮಹಡಿಯದನ್ನೇ ತೆಗೆದುಕೊಳ್ಳಿ. ಆದರೆ ಮುಂಗಡ ಕೊಡುವ ಮುಂಚೆ ಕೆಲವು ವಿಷಯ ಕೇಳಿ ಖಚಿತ ಮಾಡಿಕೊಳ್ಳಿ.

ನಿಮ್ಮ ಅತ್ತೆ ಆಡಿದ ಮಾತನ್ನು ನಾನು ನಮ್ಮ ಅಪ್ಪನ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ‘ನೀವು ಹೋಗಿಬನ್ನಿ’ ಅಂತ ಹಿರಿಯರು ಹೇಳುವುದು ಹೋಗಲು ಮನಸ್ಸಿಲ್ಲದೆ ಅಲ್ಲ. ಕರೆದುಕೊಂಡು ಹೋಗೋಕೆ ಒಬ್ಬರು ಬೇಕು, ವಾಪಸ್ ಕರೆದುಕೊಂಡು ಬರೋಕೆ ಒಬ್ಬರು ಬೇಕು, ಆ ಒಬ್ಬರ ರಜೆ ನನ್ನಿಂದ ಹಾಳಾಗುತ್ತೆ ಅಂತ ಲೆಕ್ಕ ಹಾಕಿರುತ್ತಾರೆ. ಅಪ್ಪನ ಜೊತೆ ನೆಲಮಹಡಿಯ ಮನೆಯೊಂದರಲ್ಲಿ ಇದ್ದಾಗಿನ ಒಂದು ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ನಾವೆಲ್ಲ ಇನ್ನೂ ಮಲಗಿದ್ದೆವು. ಅಪ್ಪ ಯಾರನ್ನೂ ಎಬ್ಬಿಸದೆ, ವಾಕರ್ ತಳ್ಳಿಕೊಂಡು ಗೇಟಿನ ತನಕ ಹೋಗಿ, ಅಲ್ಲಿದ್ದ ಬೆಂಚಿನ ಮೇಲೆ ಕೂತು ಹೋಗೋ ಬರೋರನ್ನೆಲ್ಲ ಮಾತಾಡಿಸುತ್ತಿದ್ದರು. ಸಮುದ್ರ ಅಲ್ಲಿಂದಲೂ ಕಾಣುತ್ತಿರಲಿಲ್ಲ. ಆದರೆ ಅವರು ಅಲ್ಲಿಗೆ ತಾವೇ ಹೋಗಿದ್ದರು. ನಾನು ಮನೆ ಆರಿಸುವಾಗ ನೋಡುವುದು ಇದೊಂದನ್ನೇ: ಕಾಲಲ್ಲಿ ಶಕ್ತಿ ಕಡಿಮೆ ಇರುವವರು ಯಾರ ಕೈಯನ್ನೂ ಕಾಯದೆ ಎಷ್ಟು ದೂರ ಹೋಗಿ ಬರಬಹುದು?

ಮೊದಲು ಹಾಸಿಗೆ ಲೆಕ್ಕ. ಒಂಬತ್ತನೇ ಮಹಡಿಯಲ್ಲಿ ಇರುವುದು ಮೂರು ಬೆಡ್‌ರೂಮ್. ಒಂದು ಅತ್ತೆ ಮಾವನಿಗೆ, ಒಂದು ನಾದಿನಿಯ ಸಂಸಾರಕ್ಕೆ, ಒಂದು ನಿಮಗೆ. ಉಳಿದವರು ಯಾರು? ನಿಮ್ಮ ಅಮ್ಮ, ಮಗ, ಮಗಳು. ಅವರು ಮಲಗಬೇಕಾದ್ದು ಹಾಲ್‌ನಲ್ಲಿ, ಬಿಚ್ಚಿ ಹಾಸುವ ಸೋಫಾದ ಮೇಲೆ. ಹತ್ತು ಜನ ಅಂತ ಜಾಹೀರಾತಿನಲ್ಲಿ ಲೆಕ್ಕ ಕೊಡುವುದು ಹೀಗೆ ಸೋಫಾವನ್ನೂ ಸೇರಿಸಿಯೇ. ಹಾಲ್‌ನಲ್ಲಿ ಮಲಗುವವರು ಎಲ್ಲರ ಮಾತು ಮುಗಿಯುವವರೆಗೆ ಮಲಗುವ ಹಾಗಿಲ್ಲ. ಬೆಳಗ್ಗೆ ಮೊದಲು ಎದ್ದವರು ಲೈಟ್ ಹಾಕಿದರೆ ಇವರಿಗೂ ಬೆಳಗಾದ ಹಾಗೆಯೇ. ಒಂದು ವಾರ ನಿಮ್ಮಮ್ಮ ಹೀಗೆ ಇದ್ದರೂ ‘ನಂಗೇನೂ ತೊಂದರೆ ಇಲ್ಲ’ ಅಂತಲೇ ಹೇಳುತ್ತಾರೆ ಬಿಡಿ. ಎರಡು ಫ್ಲ್ಯಾಟ್ ಆದರೆ ಬಾಗಿಲು ಹಾಕಿಕೊಳ್ಳುವ ಕೋಣೆ ನಾಲ್ಕಾಯಿತು. ಅಮ್ಮ ಮತ್ತು ಮೊಮ್ಮಗಳಿಗೆ ಒಂದು ಕೋಣೆ ಸಿಕ್ಕಿತು. 15ರ ಹುಡುಗ ಒಂದು ಹಾಲ್‌ನಲ್ಲಿ ಸೋಫಾ ಮೇಲೆ ಇರಲಿ, ಆ ವಯಸ್ಸಿನವರಿಗೆ ಅದೇ ಖುಷಿ.

ಇನ್ನು ಬಾತ್‌ರೂಮ್. ನಿಮ್ಮ ವಿಷಯದಲ್ಲಿ ಸಮುದ್ರಕ್ಕಿಂತ ಇದು ಮುಖ್ಯ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮನೆಯ ಉಳಿದ ಬಾಗಿಲುಗಳೆಲ್ಲ ಅಗಲ ಇದ್ದು ಬಾತ್‌ರೂಮಿನದು ಮಾತ್ರ ಕಿರಿದಾಗಿರುವುದು ತುಂಬ ಕಡೆ ಉಂಟು. ವಾಕರ್ ಹೊರಗೆ ಬಿಟ್ಟು ಗೋಡೆ ಹಿಡಿದು ಒಳಗೆ ಹೋಗಬೇಕಾಗುತ್ತದೆ. ಬೀಳುವುದು ಅಲ್ಲೇ. ಗಾಲಿಕುರ್ಚಿ ಹೋಗುವಂಥ ಬಾಗಿಲಿಗೆ ಕಟ್ಟಡ ನಿಯಮಗಳಲ್ಲಿ ಸಾಮಾನ್ಯವಾಗಿ ಹೇಳುವ ಅಳತೆ ಸುಮಾರು 80 ಸೆಂಟಿಮೀಟರ್. ಇದು ಚೌಕಟ್ಟಿನ ಅಗಲ ಅಲ್ಲ. ಬಾಗಿಲು ಪೂರ್ತಿ ತೆರೆದ ಮೇಲೆ ಉಳಿಯುವ ಖಾಲಿ ಜಾಗ. ‘ಬಾಗಿಲು ಅಗಲ ಇದೆಯಾ’ ಅಂತ ಕೇಳಿದರೆ ‘ಇದೆ ಇದೆ’ ಅಂತಾರೆ. ಅದರ ಬದಲು ಬಾಗಿಲು ತೆರೆದು, ಅಡ್ಡಕ್ಕೆ ಟೇಪ್ ಹಿಡಿದು, ಅಂಕಿ ಕಾಣುವ ಹಾಗೆ ಒಂದು ಫೋಟೊ ಕಳಿಸಿ ಅಂತ ಕೇಳಿ. ಕಳಿಸುವವರ ಮನೆಯನ್ನು ನಂಬಬಹುದು. ಸುಮ್ನೆ ಮುಂದೂಡುವವರನ್ನು ಬಿಟ್ಟುಬಿಡಿ. ಅತ್ತೆಯ ವಾಕರಿನ ಅಗಲವನ್ನೂ ಮನೆಯಲ್ಲೇ ಅಳೆದಿಟ್ಟುಕೊಳ್ಳಿ.

ಅದೇ ಫೋಟೊಗಳ ಜೊತೆ ಸ್ನಾನದ ಜಾಗದ್ದೂ ಒಂದು ಕೇಳಿ. ಅಲ್ಲಿ ಟಬ್ ಇದ್ದರೆ ಅದರ ಅಂಚು ಮೊಣಕಾಲಿನ ಎತ್ತರಕ್ಕೆ ಬರುತ್ತದೆ. ಮಂಡಿನೋವಿನವರು ಅದನ್ನು ದಾಟುವುದು ಕಷ್ಟ, ಒದ್ದೆ ಕಾಲಲ್ಲಿ ವಾಪಸ್ ದಾಟುವುದು ಇನ್ನೂ ಕಷ್ಟ. ಕಟ್ಟೆ ಇಲ್ಲದ ಸಮತಟ್ಟಾದ ಶವರ್ ಒಂದಾದರೂ ಇರಬೇಕು, ಅದೂ ಅತ್ತೆಯ ಕೋಣೆಗೆ ಹತ್ತಿರ. ಹಿಡಿಕೆ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದಾಗಿರಲಿ. ರಬ್ಬರ್ ಬಟ್ಟಲು ಒತ್ತಿ ಅಂಟಿಸುವ ಹಿಡಿಕೆಯ ಮೇಲೆ ಮೈಭಾರ ಹಾಕಬಾರದು, ಅದು ಯಾವಾಗ ಬಿಡುತ್ತದೆ ಅಂತ ಹೇಳಲಾಗುವುದಿಲ್ಲ. ಮಾವನಿಗೆ ಬೇಕಾದ್ದು ಬೆಳಕು. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ರಾತ್ರಿದೀಪ ಎರಡು ತೆಗೆದುಕೊಂಡು ಹೋಗಿ. ಒಂದು ಮಂಚದ ಹತ್ತಿರ, ಒಂದು ಬಾತ್‌ರೂಮಿನ ಬಾಗಿಲಲ್ಲಿ. ಹೊಸ ಜಾಗದಲ್ಲಿ ರಾತ್ರಿ ಎದ್ದವರಿಗೆ ಗೋಡೆ ಯಾವ ಕಡೆ ಅಂತ ತಕ್ಷಣ ಗೊತ್ತಾಗುವುದಿಲ್ಲ. ದಾರಿಯಲ್ಲಿ ಸಣ್ಣ ಕಾರ್ಪೆಟ್ ಇದ್ದರೆ ಹೋದ ದಿನವೇ ಸುತ್ತಿ ಪಕ್ಕಕ್ಕಿಡಿ.

‘ನೆಲಮಹಡಿ’ ಅಂತ ಇದ್ದರೂ ಮೆಟ್ಟಿಲು ಎಷ್ಟು ಅಂತ ಕೇಳಲೇಬೇಕು. ಸಮುದ್ರದ ನೀರು ಉಕ್ಕಿ ಬರುವ ಭಯ ಇರುವ ಕಡೆ ಕಟ್ಟಡವನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟುತ್ತಾರೆ. ಕೆಳಗೆ ಕಾರು ನಿಲ್ಲುತ್ತದೆ, ಮನೆ ಮೇಲೆ. ಆಗ ಮೊದಲ ವಾಸದ ಮಹಡಿಗೇ ಒಂದು ಸಾಲು ಮೆಟ್ಟಿಲು ಹತ್ತಬೇಕು. ಇಳಿಜಾರು ದಾರಿ ಇದ್ದರೆ ಅದು ಎಷ್ಟು ಕಡಿದಾಗಿದೆ ನೋಡಿ. ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ಹಲವು ಕಡೆ ಒಪ್ಪುವ ಲೆಕ್ಕ. ಅದಕ್ಕಿಂತ ಕಡಿದಾದರೆ ವಾಕರ್ ಇಳಿಯುವಾಗ ಮುಂದಕ್ಕೆ ಓಡುತ್ತದೆ.

ಒಂಬತ್ತನೇ ಮಹಡಿಯ ಬಗ್ಗೆ ನನಗೆ ಇನ್ನೂ ಎರಡು ಅಳುಕು. ಒಂದು ಲಿಫ್ಟ್. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ, ತಂತಿ, ಬಾಗಿಲ ಕೀಲು ಎಲ್ಲಕ್ಕೂ ಬೇಗ ತುಕ್ಕು ಹಿಡಿಯುತ್ತದೆ. ಲಿಫ್ಟ್ ಒಂದೇ ಇದ್ದು ಅದು ಕೆಟ್ಟ ದಿನ ನಿಮ್ಮ ಅತ್ತೆ ಮೇಲಿದ್ದರೆ ಮೇಲೆಯೇ, ಕೆಳಗಿದ್ದರೆ ಕೆಳಗೆಯೇ. ಇನ್ನೊಂದು ಆ ಬಾಲ್ಕನಿ. ಎರಡು ವರ್ಷದ ಮಗು ಇರುವ ಮನೆ ಅಲ್ವಾ? ಕಂಬಿಗಳ ನಡುವೆ 10 ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಕಂಬಿ ಉದ್ದುದ್ದ ಇದ್ದರೆ ಸರಿ, ಅಡ್ಡಡ್ಡ ಇದ್ದರೆ ಮಗುವಿಗೆ ಅದು ಏಣಿ. ಕುರ್ಚಿಯನ್ನು ಕಂಬಿಯ ಹತ್ತಿರ ಎಳೆದುಕೊಂಡು ಹತ್ತುವುದು ಈ ವಯಸ್ಸಿನ ಮಕ್ಕಳಿಗೆ ಕ್ಷಣದ ಕೆಲಸ. ಅತ್ತೆ ಬಾಲ್ಕನಿಯಲ್ಲಿ ಕೂತಿರುವಾಗ ಮಗು ಹಿಂದಿನಿಂದ ಬಂದರೆ, ಎದ್ದು ಹಿಡಿಯಲು ಅವರಿಂದ ಆಗುತ್ತದಾ? ಅವರಿಗೆ ಆ ಹೊಣೆ ಹೊರಿಸುವುದು ಬೇಡ.

ಈಗ ‘ಸ್ವಲ್ಪ ನಡೆಯಬೇಕು’ ಅನ್ನುವುದರ ವಿಷಯ. ಐದು ನಿಮಿಷದ ದಾರಿ ಅಂದರೆ ಯಾರ ಐದು ನಿಮಿಷ? ಮೀಟರ್ ಲೆಕ್ಕದಲ್ಲಿ ಕೇಳಿ, ಅಥವಾ ಫೋನಿನ ಮ್ಯಾಪ್‌ನಲ್ಲಿ ನೀವೇ ಅಳೆಯಿರಿ. ಉಪಗ್ರಹದ ಚಿತ್ರ ಹಾಕಿಕೊಂಡರೆ ನಡುವೆ ದೊಡ್ಡ ರಸ್ತೆ ದಾಟಬೇಕಾ, ಮರಳುದಿಬ್ಬದ ಮೇಲೆ ಮರದ ಮೆಟ್ಟಿಲು ಇದೆಯಾ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ದಾರಿಯಲ್ಲಿ ಕೂರಲು ಒಂದು ಬೆಂಚ್ ಇದ್ದರೆ ಅರ್ಧ ಚಿಂತೆ ಹೋಯಿತು. ಸಡಿಲ ಮರಳಿನಲ್ಲಿ ವಾಕರಿನ ಕಾಲು ಹೂತುಹೋಗುತ್ತದೆ. ಅದಕ್ಕೇ ಈಗ ಹಲವು ಬೀಚ್‌ಗಳಲ್ಲಿ ಮರಳಿನ ಮೇಲೆ ಗಟ್ಟಿ ಚಾಪೆಯ ದಾರಿ ಹಾಸಿರುತ್ತಾರೆ. ಬಲೂನಿನಂಥ ದಪ್ಪ ಚಕ್ರದ ಗಾಲಿಕುರ್ಚಿಯನ್ನೂ ಕೊಡುತ್ತಾರೆ, ಕೆಲವು ಕಡೆ ಹಣವಿಲ್ಲದೆಯೇ. ಬೀಚ್ ನೋಡಿಕೊಳ್ಳುವ ಕಚೇರಿಗೆ ಮೊದಲೇ ಫೋನ್ ಮಾಡಿ ಕಾದಿರಿಸಿ. ಉಬ್ಬರದ ವೇಳಾಪಟ್ಟಿಯನ್ನೂ ಒಮ್ಮೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜಾಸ್ತಿ. ಕಿರಿದಾದ ತೀರದಲ್ಲಿ ಆ ಹೊತ್ತಿಗೆ ಕುರ್ಚಿ ಹಾಕಲೂ ಮರಳು ಉಳಿಯುವುದಿಲ್ಲ.

ಎರಡು ಫ್ಲ್ಯಾಟ್ ತೆಗೆದುಕೊಂಡರೆ ಮನೆ ಇಬ್ಭಾಗ ಆಗುತ್ತದೆ ಅಂತ ನಿಮ್ಮವರು ಹೇಳಬಹುದು. ನಿಜ ಹೇಳಬೇಕೆಂದರೆ ಇದು ಒಳ್ಳೆಯದೇ. ಒಂದು ಮನೆ ಬೇಗ ಮಲಗುವ ಮನೆ: ಅತ್ತೆ, ಮಾವ, ಅಮ್ಮ, ಮಗಳು. ಇನ್ನೊಂದರಲ್ಲಿ ನೀವು ಎಷ್ಟು ಹೊತ್ತಾದರೂ ಮಾತಾಡಿ. ಮಗು ಮಧ್ಯಾಹ್ನ ಮಲಗಿದಾಗ ದೊಡ್ಡ ಮಕ್ಕಳನ್ನು ‘ಷ್ ಷ್’ ಅಂತ ಗದರಿಸಬೇಕಿಲ್ಲ. ಹಿರಿಯರ ಮನೆಯಲ್ಲಿ ರಾತ್ರಿ ಏನಾದರೂ ಬೇಕಾದರೆ ಅಂತ ನಿಮ್ಮ ಮಗನ ಹಾಸಿಗೆ ಅಲ್ಲಿನ ಹಾಲ್‌ನಲ್ಲೇ ಇರಲಿ. ಊಟಕ್ಕೆ ಎಲ್ಲರೂ ಒಂದೇ ಕಡೆ ಸೇರಿ. ಅದಕ್ಕೆ ಫೋಟೊದಲ್ಲಿ ಮೇಜಿನ ಸುತ್ತ ಎಷ್ಟು ಕುರ್ಚಿ ಇದೆ ಎಣಿಸಿ. ಆರೇ ಇದ್ದರೆ ಪಕ್ಕದ ಮನೆಯ ಕುರ್ಚಿ ತರಬಹುದಾ ಅಂತ ಕೇಳಿ. ಹತ್ತು ಜನಕ್ಕೆ ಸಾಲುವ ದೊಡ್ಡ ಪಾತ್ರೆ ಇದೆಯಾ ಅಂತಲೂ ಕೇಳಿ, ಇದನ್ನು ಯಾರೂ ಕೇಳುವುದಿಲ್ಲ. ಮತ್ತೆ, ‘ಪಕ್ಕಪಕ್ಕ’ ಅನ್ನುವುದು ಬರೀ ಬಾಯಿಮಾತಾಗಿರಬಾರದು. ಎರಡೂ ಫ್ಲ್ಯಾಟಿನ ನಂಬರ್ ಬುಕಿಂಗ್‌ನಲ್ಲೇ ಬರೆಸಿಕೊಳ್ಳಿ. ಇಲ್ಲವಾದರೆ ಹೋದ ಮೇಲೆ ಒಂದು ಈ ಬ್ಲಾಕ್, ಒಂದು ಆ ಬ್ಲಾಕ್ ಆಗಿರುತ್ತದೆ.

ಸಮುದ್ರ ಕಾಣಲೇಬೇಕು ಅಂತ ಮಕ್ಕಳು ಹಟ ಹಿಡಿದರೆ, ಒಂದು ದಿನ ಎಲ್ಲರೂ ಬೇಗ ಎದ್ದು ಅತ್ತೆಯ ಜೊತೆ ನೀರಿನ ಅಂಚಿನ ತನಕ ಹೋಗುವ ಕಾರ್ಯಕ್ರಮ ಹಾಕಿಕೊಳ್ಳಿ. ಗಾಲಿಕುರ್ಚಿ ತಳ್ಳುವ ಕೆಲಸ 15ರವನಿಗೇ ಕೊಡಿ.

ಪ್ರಶ್ನೆ: ಅಣ್ಣನ ಮನೆಯವರು ಐದು ಜನ, ನಾವು ಇಬ್ಬರು, ಜೊತೆಗೆ ಅಪ್ಪ ಅಮ್ಮ. ಬೀಚ್ ಮನೆಯ ಬಾಡಿಗೆ ಹಂಚಿಕೊಳ್ಳುವುದು ಹೇಗೆ? ಕೇಳಲು ಸಂಕೋಚ.

ಉತ್ತರ: ತಲೆ ಲೆಕ್ಕ ಬೇಡ, ಕೋಣೆ ಲೆಕ್ಕ ಹಾಕಿ. ಯಾರಿಗೆ ಎಷ್ಟು ಕೋಣೆಯೋ ಅಷ್ಟು ಪಾಲು. ಅಪ್ಪ ಅಮ್ಮನ ಕೋಣೆಯದ್ದನ್ನು ನೀವು ಮತ್ತು ಅಣ್ಣ ಸಮ ಹಂಚಿಕೊಳ್ಳಿ. ಈ ಮಾತು ಬುಕ್ ಮಾಡುವ ಮುಂಚೆಯೇ ಆಗಲಿ, ಆಗ ಸಂಕೋಚ ಕಡಿಮೆ.

ಬಾಡಿಗೆ ಹೋಲಿಸುವಾಗ ಒಂದು ರಾತ್ರಿಯ ದರ ನೋಡಬೇಡಿ. ಕ್ಲೀನಿಂಗ್ ಶುಲ್ಕ, ಸೇವಾ ಶುಲ್ಕ, ತೆರಿಗೆ, ವಾಪಸ್ ಬರುವ ಡಿಪಾಸಿಟ್ ಎಲ್ಲ ಸೇರಿ ಕೊನೆಗೆ ಕಾಣುವ ಮೊತ್ತ ನೋಡಿ. ವಯಸ್ಸಾದವರು ಜೊತೆಗಿರುವಾಗ ಯಾವ ತಾರೀಖಿನವರೆಗೆ ರದ್ದು ಮಾಡಿದರೆ ಪೂರ್ತಿ ಹಣ ಬರುತ್ತದೆ ಅನ್ನುವುದು ಕಡಿಮೆ ಬಾಡಿಗೆಗಿಂತ ಮುಖ್ಯ. ಬುಕಿಂಗ್ ಆ್ಯಪ್‌ನಲ್ಲಿ ಸಿಕ್ಕ ಮನೆಯವರು ‘ಹೊರಗಡೆ ನೇರವಾಗಿ ಬ್ಯಾಂಕಿಗೆ ಹಾಕಿ, ಕಡಿಮೆ ಮಾಡ್ತೀನಿ’ ಅಂದರೆ ಒಪ್ಪಬೇಡಿ. ಮೋಸ ಆಗುವುದು ಹೀಗೆಯೇ, ಹಾಗೆ ಕೊಟ್ಟ ಹಣಕ್ಕೆ ಆ್ಯಪ್‌ನವರು ಜವಾಬ್ದಾರರಾಗುವುದಿಲ್ಲ.

ಪ್ರಶ್ನೆ: ನಮ್ಮ ಮಕ್ಕಳಿಬ್ಬರೂ ಈಜು ಕಲಿತಿದ್ದಾರೆ. ಅಜ್ಜ ಅಜ್ಜಿ ದಡದಲ್ಲಿ ಕೂತು ನೋಡಿಕೊಳ್ಳುತ್ತಾರೆ. ಸಾಕಲ್ವಾ?

ಉತ್ತರ: ಸಾಲದು. ಕೊಳದಲ್ಲಿ ಈಜುವುದೇ ಬೇರೆ, ಸಮುದ್ರವೇ ಬೇರೆ. ದಡಕ್ಕೆ ಬಂದ ನೀರು ಒಂದು ಕಿರಿದಾದ ಜಾಗದಲ್ಲಿ ಜೋರಾಗಿ ವಾಪಸ್ ಹರಿಯುತ್ತದೆ. ಅದೇ ಸೆಳೆತ, ರಿಪ್ ಕರೆಂಟ್. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುವುದೂ ಉಂಟು, ಅಷ್ಟು ವೇಗದಲ್ಲಿ ಅದರ ಎದುರು ಈಜಲು ಯಾರಿಂದಲೂ ಆಗದು. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ ಅಲ್ಲೇ ಸೆಳೆತ ಇರುವ ಸಾಧ್ಯತೆ ಹೆಚ್ಚು. ಮಕ್ಕಳು ಇಳಿಯುವುದೂ ಅಲ್ಲಿಗೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬಾರದು. ತೇಲಬೇಕು, ಕೈ ಎತ್ತಿ ಕರೆಯಬೇಕು, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ.

ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ, ಕೂಗಲು ಉಸಿರೇ ಇರುವುದಿಲ್ಲ. ದಡದಲ್ಲಿ ಕೂತ ಅಜ್ಜಿಗೆ ಅದು ಗೊತ್ತಾಗುವ ಹೊತ್ತಿಗೆ ತಡ ಆಗಿರುತ್ತದೆ. ನೀರಿನ ಅಂಚಿನಲ್ಲಿ, ಕೈಯಲ್ಲಿ ಫೋನ್ ಇಲ್ಲದೆ, ಈಜು ಬರುವ ದೊಡ್ಡವರೊಬ್ಬರು ನಿಂತಿರಬೇಕು. ಕಾಲು ಗಂಟೆಗೊಮ್ಮೆ ಆಳು ಬದಲಾಗಲಿ. ಈಗ ನನ್ನ ಸರದಿ ಅಂತ ಬಾಯಿಬಿಟ್ಟು ಹೇಳಿ. ಎಲ್ಲರೂ ನೋಡ್ತಿದ್ದಾರೆ ಅಂದರೆ ಯಾರೂ ನೋಡುತ್ತಿರುವುದಿಲ್ಲ.

ಮನೆ ಆರಿಸುವಾಗಲೇ ಲೈಫ್‌ಗಾರ್ಡ್ ಇರುವ ಬೀಚ್ ಹತ್ತಿರದ್ದನ್ನು ನೋಡಿ. ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಇಳಿಯಬೇಕು, ಅಷ್ಟು ಜಾಗವನ್ನು ಅವರು ಕಾಯುತ್ತಿರುತ್ತಾರೆ. ಬರೀ ಕೆಂಪು ಬಾವುಟ ಹಾರಿದ ದಿನ ಮಕ್ಕಳು ನೀರಿಗೆ ಬೇಡ. ಹಲವು ಬೀಚ್‌ಗಳಲ್ಲಿ ಲೈಫ್‌ಗಾರ್ಡ್‌ಗಳು ಇರುವುದು ಕೆಲವು ತಿಂಗಳು, ಅದೂ ದಿನದ ಕೆಲವೇ ಗಂಟೆ. ನೀವು ಹೋಗುವ ವಾರ ಎಷ್ಟರಿಂದ ಎಷ್ಟರವರೆಗೆ ಇರುತ್ತಾರೆ ಅಂತ ಕೇಳಿಕೊಂಡು, ಮಕ್ಕಳ ನೀರಿನಾಟವನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ.